ದೇವರ ಗೂಡಿನ ಸ್ಕ್ರೂಡ್ರೈವರ್

ಇವತ್ತು ಬೆಳಿಗ್ಗೆ ಕುಕ್ಕರಿನ ಹಿಡಿ ಸಡಿಲವಾಗಿದೆ ಎಂದು ನನ್ನ ಹೆಂಡತಿ ಅಡುಗೆಮನೆಯಿಂದ ಕೂಗಿದಳು. ನಮ್ಮ ಮನೆಯಲ್ಲಿ ಸ್ಕ್ರೂಡ್ರೈವರ್ ಹುಡುಕುವುದೆಂದರೆ ಅರ್ಧ ದಿನದ ಕೆಲಸ. ಡ್ರಾಯರಿನಲ್ಲಿ ಇಲ್ಲ, ಹೊಲಿಗೆ ಮೆಷಿನ್ನಿನ ಮೇಲೆ ಇಲ್ಲ, ನಾನು ಇಟ್ಟೆನೆಂದು ಆಣೆ ಮಾಡಿದ ಜಾಗದಲ್ಲಂತೂ ಇಲ್ಲವೇ ಇಲ್ಲ. ಕೊನೆಗೆ ದೇವರ ಗೂಡಿಗೆ ಕೈ ಹಾಕಿದೆ. ಅಲ್ಲಿ ಗಣಪತಿಯ ಪಕ್ಕದಲ್ಲಿ, ಮೈಗೆ ಕುಂಕುಮ ಹಚ್ಚಿಸಿಕೊಂಡು, ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರೊಂದು ಕೂತಿದೆ.

"ಅದನ್ನ ಮಾತ್ರ ಮುಟ್ಬೇಡಿ. ಚಿಕ್ಕಮ್ಮ ನೋಡಿದ್ರೆ ಅಷ್ಟೇ ನಿಮ್ಮ ಕತೆ," ಎಂದಳು.

ಸ್ಕ್ರೂಡ್ರೈವರಿಗೂ ದೇವರಿಗೂ ಎತ್ತಣಿಂದೆತ್ತ ಸಂಬಂಧ ಅಂತೀರಾ? ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಒಂದು ಮೋಟಾರ್ ಸೈಕಲ್ಲಿನ ಕತೆ ಹೇಳಬೇಕು, ಅದಕ್ಕೂ ಮೊದಲು ಹಾಲಿನ ಕತೆ.

ನಾನು ಹೈಸ್ಕೂಲು ಓದಿದ್ದು ಚಾಮರಾಜಪುರಂನಲ್ಲಿ, ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು. ಅವರಿಗೆ ಮಕ್ಕಳಿರಲಿಲ್ಲ. ಹಾಗಾಗಿ ಪ್ರೀತಿಯೂ ಬೈಗುಳವೂ ಪೂರ್ತಿ ನನ್ನೊಬ್ಬನ ಪಾಲಿಗೇ ಬರುತ್ತಿತ್ತು. ಚಿಕ್ಕಪ್ಪನ ಹತ್ತಿರ ಒಂದು ಮೋಟಾರ್ ಸೈಕಲ್ಲಿತ್ತು. ನಮ್ಮೂರಿನ ಫ್ಯಾಕ್ಟರಿಯಲ್ಲೇ ತಯಾರಾದದ್ದು. ಹೆಸರು ಬೇಡ, ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಒದ್ದು ಶುರು ಮಾಡುವ ಕಿಕ್ಕರೂ ಗೇರ್ ಹಾಕುವ ಕಡ್ಡಿಯೂ ಒಂದೇ, ಎರಡೂ ಕಡೆ ಸೈಲೆನ್ಸರು. ಸಂಜೆ ಅವರು ಆಫೀಸಿನಿಂದ ಬರುವಾಗ ಗಾಡಿ ಇನ್ನೂ ರೈಲ್ವೆ ಗೇಟಿನ ಹತ್ತಿರ ಇರುತ್ತಿತ್ತು, ಒಳಗೆ ಚಿಕ್ಕಮ್ಮ ತಲೆಯೆತ್ತಿ "ಬಂದ್ರು" ಎಂದು ಕಾಫಿಗೆ ಹಾಲಿಡುತ್ತಿದ್ದರು. ನಾನೂ ಎಷ್ಟೋ ಸಲ ಕಿವಿ ನಿಮಿರಿಸಿ ಕೂತಿದ್ದುಂಟು. ನನಗೆ ಪಕ್ಕದ ಮನೆಯ ರೇಡಿಯೋ ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಚಿಕ್ಕಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಒಂದು ದಿನವೂ ಆ ಲೆಕ್ಕ ತಪ್ಪಿದ್ದು ನನಗೆ ನೆನಪಿಲ್ಲ.

ಚಿಕ್ಕಪ್ಪ ಹೋದ ಮೇಲೆ ಚಿಕ್ಕಮ್ಮ ವಿದ್ಯಾರಣ್ಯಪುರಂನ ನಮ್ಮ ಮನೆಗೆ ಬಂದರು. ಬರುವಾಗ ಎರಡು ಟ್ರಂಕು, ಒಂದು ಒರಳುಕಲ್ಲು, ಗೂಡ್ಸ್ ಆಟೋದಲ್ಲಿ ಹಗ್ಗ ಬಿಗಿಸಿಕೊಂಡ ಆ ಮೋಟಾರ್ ಸೈಕಲ್ಲು. ಅದು ನಮ್ಮ ಪೋರ್ಟಿಕೋದಲ್ಲಿ ನಿಂತಿದ್ದು ನಿಂತೇ ಬಿಟ್ಟಿತು. ಆದರೂ ಆಯುಧಪೂಜೆಗೆ ಒಂದು ವರ್ಷವೂ ತಪ್ಪಿಲ್ಲ. ಗಂಧ, ಕುಂಕುಮ, ಚೆಂಡುಹೂವಿನ ಹಾರ, ಕುಂಬಳಕಾಯಿ, ಚಕ್ರದಡಿಗೆ ನಿಂಬೆಹಣ್ಣು. ಓಡದ ಗಾಡಿ ನಿಂಬೆಹಣ್ಣು ಹತ್ತುವುದು ಹೇಗೆ? ನಾನೂ ನನ್ನ ಹೆಂಡತಿಯೂ ಹಿಂದಿನಿಂದ ತಳ್ಳುತ್ತಿದ್ದೆವು. ಎದುರುಮನೆಯವರು ಪ್ರತಿ ವರ್ಷವೂ "ಏನ್ ಸಾರ್, ಪೆಟ್ರೋಲ್ ಖಾಲೀನಾ?" ಎಂದು ಕೇಳುತ್ತಿದ್ದರು. ನಾನು ಪ್ರತಿ ವರ್ಷವೂ ಹಲ್ಲು ಕಿರಿಯುತ್ತಿದ್ದೆ.

ಹೀಗೇ ನಡೆಯುತ್ತಿರುವಾಗ ಚಿಕ್ಕಮ್ಮನ ಕಿವಿ ಮಂದವಾಗತೊಡಗಿತು. ಕಿವಿಯೊಳಗಿನ ಸಣ್ಣ ಮೂಳೆ ಗಟ್ಟಿಯಾಗಿದೆ, ಈ ವಯಸ್ಸಿಗೆ ಆಪರೇಷನ್ ಬೇಡ ಎಂದರು ಡಾಕ್ಟರು. ಮಷೀನು ಕೊಡಿಸಿದೆವು. ಅದನ್ನು ಹಾಕಿಕೊಂಡರೆ ಕಾಗೆ ಕೂಗಿದ್ದೂ ನಾನು ಕೂಗಿದ್ದೂ ಒಂದೇ ಥರ ಕೇಳುತ್ತದೆ ಎಂದು ಅವರು ಅದನ್ನು ಏಲಕ್ಕಿ ಡಬ್ಬದಲ್ಲಿಟ್ಟರು. ಒಂದು ದಿನ ಸೊಪ್ಪು ಬಿಡಿಸುತ್ತಾ ಹೇಳಿದರು: "ನಿನ್ನ ಮಾತು ಕೇಳ್ದಿದ್ರೆ ನಷ್ಟ ಏನಿಲ್ಲ ಬುಡು. ಈ ಕಿವಿ ಪೂರ್ತಿ ಹೋಗೋದ್ರೊಳಗೆ ಆ ಗಾಡಿ ಸದ್ದು ಒಂದ್ಸಲ ಕೇಳ್ಬೇಕು ಕಣೋ. ಆಮೇಲೆ ಹೋದ್ರೆ ಹೋಗ್ಲಿ."

ನನ್ನನ್ನು ಅವರು ಬೇಕೆಂದು ಕೇಳಿದ್ದು ಅದೊಂದೇ. ಹಾಗಾಗಿ ಆಯ್ತು ಎಂದುಬಿಟ್ಟೆ. ನಾನು ಕಾಲೇಜು ಲೈಬ್ರರಿಯಲ್ಲಿ ಪುಸ್ತಕಕ್ಕೆ ನಂಬರ್ ಅಂಟಿಸುವವನು. ಈ ಕೈಗೆ ಗೋಂದು ಗೊತ್ತು, ಗ್ರೀಸ್ ಗೊತ್ತಿಲ್ಲ. ದೊಡ್ಡ ಗ್ಯಾರೇಜಿನಲ್ಲಿ ಹೇಳಿದ ಖರ್ಚು ಕೇಳಿ ಅಲ್ಲೇ ನೀರು ಕುಡಿದು ಎದ್ದು ಬಂದೆ. ಆಮೇಲೆ ಮಂಡಿ ಮೊಹಲ್ಲಾದಲ್ಲಿ ಹಳೆ ಪಾರ್ಟುಗಳ ಸಣ್ಣ ಅಂಗಡಿ ಇಟ್ಟುಕೊಂಡಿದ್ದ ಮೆಕ್ಯಾನಿಕ್ ಖಾದರ್ ಭಾಯ್ ಸಿಕ್ಕಿದರು. ನಾನು ಹೋದಾಗ ಅವರು ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಇಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಕಿವಿಯ ಹಿಂದಕ್ಕೆ ಇಟ್ಟುಕೊಂಡು ಕಣ್ಣು ಮುಚ್ಚಿದ್ದರು. ನಾಡಿ ನೋಡುವ ಪಂಡಿತರ ಗಾಂಭೀರ್ಯ. "ಗಾಡಿ ಎಲ್ಲಾ ಹೇಳ್ತದೆ ಸಾರ್," ಎಂದರು, "ನಾವು ಕೇಳ್ಬೇಕು ಅಷ್ಟೇ. ನೀವು ಮನೇಲೇ ಬಿಚ್ಚಿ. ನಾನು ಹೇಳ್ಕೊಡ್ತೀನಿ."

ಬಿಚ್ಚಿದೆ. ಬಿಚ್ಚುವುದು ಎಷ್ಟು ಸುಲಭ ಎಂದು ನನಗೇ ಆಶ್ಚರ್ಯವಾಯಿತು. ನಟ್ಟು ಬೋಲ್ಟುಗಳನ್ನು ಚಟ್ನಿಪುಡಿ ಡಬ್ಬಗಳಿಗೆ ತುಂಬಿ, ಲೈಬ್ರರಿ ಅಭ್ಯಾಸದಿಂದ ಒಂದೊಂದಕ್ಕೂ ನಂಬರ್ ಅಂಟಿಸಿದೆ. ಟ್ಯಾಂಕಿನ ಮೇಲೆ ವರ್ಷವರ್ಷದ ಕುಂಕುಮ ಪದರಪದರವಾಗಿ ಕೂತಿತ್ತು. ಅದನ್ನು ಉಜ್ಜಲು ಕೈ ಬರಲಿಲ್ಲ, ಬಟ್ಟೆ ಒದ್ದೆ ಮಾಡಿ ನಿಧಾನವಾಗಿ ಒರೆಸಿದೆ. ಬಣ್ಣಕ್ಕೆ ದುಡ್ಡು ಸಾಲದೆ, ಗೇಟಿಗೆ ಹೊಡೆದು ಉಳಿದಿದ್ದ ಕರಿ ಬಣ್ಣವನ್ನೇ ಬಳಿದೆ. ಸೈಲೆನ್ಸರಿನ ತುಕ್ಕಿಗೆ ಏನು ಮಾಡುವುದು ಎಂದು ತಲೆ ಕೆರೆಯುತ್ತಿದ್ದಾಗ ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು. ಕೈಯಲ್ಲಿ ಹುಣಸೆಹಣ್ಣು, ತೆಂಗಿನ ನಾರು. ದೇವರ ಪಾತ್ರೆ ಬೆಳಗುವ ಹಾಗೆ ಬೆಳಗಿದರು ನೋಡಿ, ಬಚ್ಚಲಮನೆ ಹಂಡೆಗೆ ಹೊಟ್ಟೆಕಿಚ್ಚಾಗಬೇಕು! "ನಿಮ್ಮ ಚಿಕ್ಕಪ್ಪ ಕೈ ಹಾಕೋಕೇ ಬಿಡ್ತಿರಲಿಲ್ಲ," ಎಂದು ನಕ್ಕರು.

ಆಯುಧಪೂಜೆಯ ಹೊತ್ತಿಗೆ ಎಲ್ಲಾ ಜೋಡಿಸಿಯಾಗಿತ್ತು. ಸಂಜೆ ನಾನು ಬರೋವರೆಗೂ ಕಿಕ್ ಹೊಡೀಬೇಡಿ ಎಂದು ಖಾದರ್ ಭಾಯ್ ಹೇಳಿದ್ದರು. ಹಬ್ಬದ ಬೆಳಿಗ್ಗೆ ಚಿಕ್ಕಮ್ಮನೂ ನನ್ನ ಹೆಂಡತಿಯೂ ಹೂವು ತರಲು ಅಗ್ರಹಾರಕ್ಕೆ ಹೋದರು. ಈ ಸಲವಾದರೂ ತಳ್ಳದೆ ನಿಂಬೆಹಣ್ಣು ಹತ್ತಿಸಬೇಕು, ಎದುರುಮನೆಯವರ ಬಾಯಿ ಮುಚ್ಚಿಸಬೇಕು ಎಂಬ ಚಪಲ ನನಗೆ. ಬಂಕಿನಿಂದ ಪೆಟ್ರೋಲ್ ತಂದು ಸುರಿದು ಕಿಕ್ಕರ್ ಒದ್ದೆ. ಒಂಬತ್ತನೇ ಒದೆತಕ್ಕೆ ಗಾಡಿ ಎದ್ದಿತು. ಸೈಲೆನ್ಸರಿನಲ್ಲಿ ವರ್ಷಗಳಿಂದ ಕೂತಿದ್ದ ಹಳೆ ಎಣ್ಣೆ ಸುಟ್ಟು ಪೋರ್ಟಿಕೋ ತುಂಬಾ ನೀಲಿ ಹೊಗೆ. ಹುಚ್ಚನ ಹಾಗೆ ನಗುತ್ತಾ ಆಕ್ಸಿಲರೇಟರ್ ತಿರುವಿದೆ, ಇನ್ನೂ ತಿರುವಿದೆ. ಕ್ರೀಚ್ ಎಂದು ನಿಂತಿತು. ಆಮೇಲೆ ಕಿಕ್ಕರ್ ಅಲ್ಲಾಡಲಿಲ್ಲ.

ಆ ಗಾಡಿಗೆ ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಬೇಕು. ಖಾದರ್ ಭಾಯ್ ಮೂರು ಸಲ ಹೇಳಿದ್ದರು, ನಾನು ಚೀಟಿಯಲ್ಲೂ ಬರೆದುಕೊಂಡಿದ್ದೆ. ಇಷ್ಟು ವರ್ಷ ಸ್ಕೂಟರಿಗೆ ಬರೀ ಪೆಟ್ರೋಲ್ ಹಾಕಿದ ಕೈ, ಅದೇ ಚಾಳಿಯಲ್ಲಿ ಹಾಕಿಬಿಟ್ಟಿತು. ಎಣ್ಣೆಯಿಲ್ಲದೆ ಕಾದು ಪಿಸ್ಟನ್ ಇಂಜಿನ್ನಿನೊಳಗೇ ಹಿಡಿದುಕೊಂಡಿತ್ತು.

ಗೇಟು ತೆಗೆದ ಸದ್ದಾಯಿತು. ಚಿಕ್ಕಮ್ಮ ಹೂವಿನ ಬುಟ್ಟಿ ಹಿಡಿದು ನಿಂತಿದ್ದರು. "ಶುರು ಆಯ್ತೇನೋ?"

"ಇಲ್ಲ ಚಿಕ್ಕಮ್ಮ," ಎಂದು ಕೈಯಾಡಿಸಿದೆ. ಅವರಿಗೆ ಹೇಳಿದ ಮೊದಲ ಸುಳ್ಳೇನೂ ಅಲ್ಲ ಅದು, ಆದರೆ ಅಷ್ಟು ನಾಚಿಕೆಯಾದದ್ದು ಅದೊಂದಕ್ಕೇ.

ಅವರು ನನ್ನ ಮುಖ ನೋಡಿದರು, ಗಾಡಿ ನೋಡಿದರು. "ಸರಿ, ತಳ್ಳು," ಎಂದರು.

ಸಂಜೆ ಬಂದ ಖಾದರ್ ಭಾಯ್ ಬಯ್ಯಲಿಲ್ಲ. "ಎಣ್ಣೆ ಇಲ್ದೆ ಒಗ್ಗರಣೆ ಹಾಕ್ಬುಟ್ರಲ್ಲ ಸಾರ್," ಎಂದರು ಅಷ್ಟೇ. ಸಿಲಿಂಡರಿನ ಒಳಮೈ ಕೊರೆಸಿ ಬೋರ್ ಮಾಡಿಸಬೇಕು, ಬೇರೆ ಪಿಸ್ಟನ್ ಹಾಕಬೇಕು. ಕೈಯಲ್ಲಿ ಕಾಸಿಲ್ಲ. ಹೊಂದಿಸುವಷ್ಟರಲ್ಲಿ ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು. ಅಷ್ಟರಲ್ಲಿ ಚಿಕ್ಕಮ್ಮ ಒಲೆಯ ಮುಂದೆಯೇ ನಿಂತು "ಕುಕ್ಕರ್ ಎಷ್ಟು ಸಲ ಕೂಗ್ತು?" ಎಂದು ಕೇಳುವಂತಾಗಿತ್ತು. ಅವರು ಹಾಗೆ ಕೇಳಿದಾಗಲೆಲ್ಲ ನಾನು ಪಿಸ್ಟನ್ನಿಗೆಂದು ಎತ್ತಿಟ್ಟ ದುಡ್ಡನ್ನು ಮತ್ತೊಮ್ಮೆ ಎಣಿಸುತ್ತಿದ್ದೆ.

ಯುಗಾದಿ ಕಳೆದು ಮೊದಲ ಭಾನುವಾರ, ಖಾದರ್ ಭಾಯ್ ತಮ್ಮ ಕೈಯಾರೆ ಎಣ್ಣೆ ಅಳೆದು ಹಾಕಿದರು. ಎರಡೇ ಒದೆತ. ಗಾಡಿ ಎದ್ದು ಅದೇ ಹಳೆಯ ತಾಳ ಹಿಡಿಯಿತು. ಎದುರುಮನೆಯವರು ಹೊರಗೆ ಬಂದರು. ಮೊಳ ದೂರದಲ್ಲಿ ನಿಂತಿದ್ದ ಚಿಕ್ಕಮ್ಮ ಮಾತ್ರ ಸೈಲೆನ್ಸರನ್ನೇ ನೋಡುತ್ತಾ, "ಯಾವಾಗ ಶುರು ಮಾಡ್ತೀರಾ?" ಎಂದರು.

ಓಡಿಹೋಗಿ ಏಲಕ್ಕಿ ಡಬ್ಬದಿಂದ ಮಷೀನು ತಂದುಕೊಟ್ಟೆ. ಹಾಕಿಕೊಂಡರು. ಮುಖ ಕಿವುಚಿದರು. "ಇದು ಅವರ ಗಾಡಿ ಅಲ್ಲ ಕಣೋ. ಡಬ್ಬಕ್ಕೆ ಕಲ್ಲು ಹಾಕಿ ಕುಲುಕಿದಂಗಿದೆ." ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ಹೋಗ್ಲಿ ಬುಡು. ನೋಡೋಕೆ ಚೆನ್ನಾಗಿದೆ," ಎಂದರು. ನನಗೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹಬ್ಬದ ದಿನ ಆ ಒಂದು ಚೂರು ತಾಳ್ಮೆ ಇದ್ದಿದ್ದರೆ ಎಂದು ಅನ್ನಿಸಿ ಅಳು ಬಂತು.

ಖಾದರ್ ಭಾಯ್ ಚೀಲದಿಂದ ಆ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ಹಿಡಿಯನ್ನು ಅಂಗಿಯಿಂದ ಒರೆಸಿ ನನ್ನ ಕೈಗಿತ್ತರು. "ಅಮ್ಮಾವ್ರ ಕಿವಿ ಹಿಂದೆ ಮೂಳೆ ಇರ್ತದಲ್ಲ ಸಾರ್, ಅಲ್ಲಿ ಇಡಿ. ಸದ್ದು ಮೂಳೇಲೇ ಒಳಗೆ ಹೋಗ್ತದೆ."

ತುದಿಯನ್ನು ಇಂಜಿನ್ನಿಗೆ ಒತ್ತಿದೆ. ಚಿಕ್ಕಮ್ಮ ಬಗ್ಗಿದರು. ಮರದ ಹಿಡಿಯನ್ನು ಅವರ ಕಿವಿಯ ಹಿಂದಿಟ್ಟೆ. ಅವರ ಹುಬ್ಬು ಮೇಲೇರಿತು. ನನ್ನ ಕೈ ಸರಿಸಿ ತಾವೇ ಹಿಡಿಯನ್ನು ಗಟ್ಟಿಯಾಗಿ ಒತ್ತಿಕೊಂಡರು. ಕಣ್ಣು ಮುಚ್ಚಿದರು. ಎಷ್ಟು ಹೊತ್ತೋ. ಆಮೇಲೆ ಮೆಲ್ಲಗೆ, ಯಾರಿಗೂ ಅಲ್ಲವೆನ್ನುವಂತೆ, "ಬಂದ್ರು," ಎಂದರು.

ಸ್ಕ್ರೂಡ್ರೈವರನ್ನು ನನ್ನ ಕೈಗೆ ತುರುಕಿ ಸರಸರನೆ ಒಳಗೆ ಹೋದರು. ಅಳಲು ಹೋದರೆಂದುಕೊಂಡೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಹಾಲಿಡಲು ಹೋಗಿದ್ದರು.

ಕಾಫಿ ಕೊಡುವಾಗ ನನ್ನತ್ತ ಬಾಗಿ ಹೇಳಿದರು: "ಹಬ್ಬದ ದಿನಾನೂ ಶುರು ಆಗಿತ್ತು, ಅಲ್ವೇನೋ? ಹೊಗೆ ವಾಸನೆ ಬಂದಿತ್ತು. ನನ್ನ ಕಿವಿ ಹೋಗಿರೋದು ಕಣೋ, ಮೂಗಲ್ಲ."

ಸ್ಕ್ರೂಡ್ರೈವರ್ ಅಮ್ಮಾವ್ರಿಗೇ ಇರಲಿ ಎಂದು ಖಾದರ್ ಭಾಯ್ ಬಿಟ್ಟುಹೋದರು. ಅವತ್ತಿನಿಂದ ಅದು ದೇವರ ಗೂಡಿನಲ್ಲಿದೆ. ಆಯುಧಪೂಜೆಯಲ್ಲಿ ಮೊದಲ ಕುಂಕುಮ ಅದಕ್ಕೆ, ಆಮೇಲೆ ಗಾಡಿಗೆ.

ಇವತ್ತು ಇದೆಲ್ಲ ನೆನಪಾಗಿ, ಹೆಂಡತಿಯ ಮಾತು ಮೀರಿ ಅದನ್ನು ಎತ್ತಿಕೊಂಡೇ ಬಿಟ್ಟೆ. ಆದರೆ ಕುಕ್ಕರಿನ ಹತ್ತಿರ ಹೋಗಲಿಲ್ಲ, ಪೋರ್ಟಿಕೋಗೆ ಹೋದೆ. ಚಿಕ್ಕಮ್ಮ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಈಗ ಅವರಿಗೆ ಏನೂ ಕೇಳಿಸುವುದಿಲ್ಲ, ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಗಾಡಿ ಶುರು ಮಾಡಿ, ಇಷ್ಟು ವರ್ಷಕ್ಕೆ ಮೊದಲ ಸಲ, ಆ ಹಿಡಿಯನ್ನು ನನ್ನ ಕಿವಿಯ ಹಿಂದೆ ಇಟ್ಟುಕೊಂಡು ಕಣ್ಣು ಮುಚ್ಚಿದೆ. ಹೊರಗಿನ ಗದ್ದಲವೆಲ್ಲ ದೂರ ಹೋಗಿ, ತಲೆಯೊಳಗೇ ಯಾರೋ ಹತ್ತಿರ ಹತ್ತಿರ ಬರುತ್ತಿದ್ದ ಹಾಗಾಯಿತು.

ಕಣ್ಣು ಬಿಟ್ಟಾಗ ಚಿಕ್ಕಮ್ಮ ನನ್ನನ್ನೇ ನೋಡುತ್ತಿದ್ದರು. "ಎಲ್ಲಿಗೆ ಬಂದ್ರೋ?"

"ರೈಲ್ವೆ ಗೇಟ್ ದಾಟಿದ್ರು ಚಿಕ್ಕಮ್ಮ," ಎಂದೆ, ನಿಧಾನವಾಗಿ, ಅವರಿಗೆ ತುಟಿ ಕಾಣುವ ಹಾಗೆ.

"ಮತ್ತೆ ಇನ್ನೇನ್ ನೋಡ್ತಾ ನಿಂತಿದೀಯಾ? ಹೋಗು, ಹಾಲಿಡು."