ಪಟ್ಟಾದ ಮೇಲಿನ ಹಲಗೆ

ಎದುರಿನ ಹತ್ತಿ ಮಿಲ್ಲಿನ ಭೋಂಗಾ ಕೂಗಿತೆಂದರೆ ನನಗೆ ಒಂದೇ ಹೆದರಿಕೆ: ಇವತ್ತು ಯಾರ ಕೈ? ಮಗುವಿಗೆ ಹಾಲೂಡಿಸುತ್ತ ಕಿಟಕಿಯಿಂದ ಯಂತ್ರದ ಪಟ್ಟಾ, ಆ ಚರ್ಮದ ಬೆಲ್ಟು, ತಿರುಗುವುದನ್ನೇ ನೋಡುತ್ತೇನೆ. ಕೈ, ಬಟ್ಟೆ ಸಿಗದಂತೆ ಅದಕ್ಕೆ ಅಡ್ಡವಿದ್ದ ಹಲಗೆ ತೆಗೆದು ಒಂಬತ್ತು ದಿನ. ನಾನು ಹೈದರಾಬಾದಿನಲ್ಲಿ ಸಾಲೆ ಕಲಿತವಳು, ಇದೇ ಮಿಲ್ಲಿನ ಗುಮಾಸ್ತರ ಹೆಂಡತಿ. ಹೆದರಿಕೆ ನನ್ನ ಹುಟ್ಟುಗುಣ. ಮಗುವಿನ ನೀರು ಬಿಸಿಯಾದರೂ ಚಿಂತೆ, ಆರಿದರೂ ಚಿಂತೆ. ಅದಕ್ಕೇ ಎರೆಯಲು ಅಂಜನಾಬಾಯಿ ಬರುತ್ತಾಳೆ.

ಅಂಜನಾಬಾಯಿ ಸಾಯಗಾಂವದ ಕುರಿ ಸಾಕುವ ಮನೆಯವಳು. ನಲವತ್ತೆಂಟರ ಪೊಲೀಸ್ ಆಕ್ಷನ್ ಗದ್ದಲದಲ್ಲಿ ಕುರಿಯೆಲ್ಲ ಚೆಲ್ಲಾಪಿಲ್ಲಿಯಾದ ಮೇಲೆ ಭಾಲ್ಕಿಗೆ ಬಂದು ಮಿಲ್ಲು ಸೇರಿದಳು. ಅವಳ ಪಕ್ಕದಲ್ಲಿ ನಿಂತು ಯಂತ್ರಕ್ಕೆ ಹತ್ತಿ ಉಣಿಸುತ್ತಿದ್ದವಳು ವಜೀರಬೀ. ಅದೇ ಗದ್ದಲದಲ್ಲಿ ಗಂಡನನ್ನು ಕಳೆದುಕೊಂಡವಳು. ಇಬ್ಬರದೂ ಒಂದೇ ಬುತ್ತಿ. "ನಿನ್ನ ಖಾರಕ್ಕ ಸತ್ತ ನನ್ನ ಗಂಡನೂ ಎದ್ದು ಬಂದಾನ!" ಎಂದು ವಜೀರಬೀ ನಗುತ್ತಿದ್ದಳಂತೆ.

ಕೂಲಿಯವರ ಮೇಲ್ವಿಚಾರಣೆಯ ಮುಕಾದಮ ಧೊಂಡಿಬಾ ಅಂಜನಾಬಾಯಿಯ ಗಂಡನ ಅಣ್ಣ. ಭಾವ ಎದುರು ಬಂದರೆ ಸೆರಗು ಮುಖದವರೆಗೆ ಎಳೆಯಬೇಕು. ಮದುವೆಯಾದಾಗಿನಿಂದ ಅವಳ ಕೈಗೆ ಅದೇ ರೂಢಿ. ಸಂಕ್ರಾಂತಿಯ ಹಿಂದಿನ ದಿನ ಅವನು ಸಾಲಿನತ್ತ ಬಂದ. ಅವಳು ಥಟ್ಟನೆ ಎಳೆದ ಸೆರಗಿನ ತುದಿ ಪಟ್ಟಾಕ್ಕೆ ಸಿಕ್ಕಿತು. ವಜೀರಬೀ ಕೈ ಹಾಕಿ ಕಿತ್ತಳು. ಸೆರಗು ಹರಿದು ಅಂಜನಾಬಾಯಿ ಉಳಿದಳು. ವಜೀರಬೀಯ ಬಲಗೈ ಹೋಯಿತು. ಆಮೇಲೆ ಅವಳು ಔರಾದಿನ ಅಣ್ಣನ ಮನೆ ಸೇರಿದಳು.

ಮೂರನೇ ದಿನ ಅಂಜನಾಬಾಯಿ ಬರಿದಲೆಯಲ್ಲಿ, ಸೆರಗು ಸೊಂಟಕ್ಕೆ ಬಿಗಿದು, ಮಿಲ್ಲಿನ ಬಾಗಿಲಲ್ಲಿ ಕೂತಳು.

"ನಾಚಿಕಿ ಮಾರಕೊಂಡಿ ಏನ? ತಲಿ ಮ್ಯಾಲಿನ ಸೆರಗ ಎಲ್ಲಿ?" ಎಂದ ಧೊಂಡಿಬಾ.

"ಪಟ್ಟಾದ ಬಾಯಾಗ ಅದರಿ ಭಾವ. ಹೋಗಿ ತಗೊಂಡ ಬರ್ರಿ."

ಒಳಗೆ ಹೊರಟಿದ್ದ ಹೆಂಗಸರು ಒಬ್ಬೊಬ್ಬರಾಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳ ಹಿಂದೆ ಕೂತರು. ಕೇಳಿದ್ದು ಒಂದೇ: ಪಟ್ಟಾಕ್ಕೆ ಅಡ್ಡ ಹಲಗೆ. ಸೇಠರು ಇವರನ್ನು ಕಮ್ಯುನಿಸ್ಟರೆಂದರು, ಪೊಲೀಸರನ್ನು ಕರೆಸುತ್ತೇನೆಂದರು. ಅಂಗಳದಲ್ಲಿ ಹತ್ತಿ ಗುಡ್ಡವಾಯಿತು. ಹನ್ನೊಂದನೇ ದಿನ ಹಲಗೆ ಬಂತು.

ಕಾರ್ಖಾನೆಗಳ ತಪಾಸಣೆ ಮಾಡುವ ಬೀದರದ ಇನ್ಸ್‌ಪೆಕ್ಟರು ನೋಡಿ ಹೋದ ವಾರದಲ್ಲೇ ಅದು ಮಾಯ. ಪಟ್ಟಾ ಜಾರಿದಾಗಲೆಲ್ಲ ಹಲಗೆ ಬಿಚ್ಚಿ ಕೂಡಿಸುವುದರಲ್ಲಿ ಹೊತ್ತು ಹಾಳಂತೆ. ಯಾಕೆಂದು ಕೇಳಿದ ಅಂಜನಾಬಾಯಿಯನ್ನು ಕೆಲಸದಿಂದ ಬಿಡಿಸಿದರು. ಅವಳ ಜಾಗದಲ್ಲಿ ಈಗ ಸಂತಪುರದ ಹುಡುಗಿಯೊಬ್ಬಳು ನಿಂತಿದ್ದಾಳೆ. ಹೊಸದಾಗಿ ಮದುವೆಯಾದವಳು, ತಲೆ ತುಂಬ ಸೆರಗು.

ನಿನ್ನೆ ಮಗುವಿಗೆ ಎಣ್ಣೆ ತಿಕ್ಕುತ್ತ ಅಂಜನಾಬಾಯಿ ಅಂದಳು: "ಅಕ್ಕೋರೇ, ಅರ್ಜಿ ಕೊಟ್ರ ಬೀದರದ ಸಾಹೇಬರು ದಿನ ತಿಳಿಸಿ ಬರ್ತಾರ. ಅವತ್ತಿಗೆ ಹಲಗಿನೂ ಬರ್ತದ. ನೀವು ಕಲಿತೋರು, ಒಂದ ಫೋನ್ ಮಾಡ್ರಿ. ತಿಳಿಸದಂಗ ಬರ್ರಿ ಅನ್ರಿ."

"ನಮ್ಮ ಮನಿಯವರ ನೌಕರಿ, ಅಂಜನಾಬಾಯಿ..."

"ಹೌದ್ರಿ," ಎಂದಳು. ಮಗುವಿನ ಮುಚ್ಚಿದ ಮುಷ್ಟಿ ಬಿಡಿಸಿ ಬೆರಳು ಬೆರಳಿಗೂ ಎಣ್ಣೆ ಹಚ್ಚಿದಳು.

ಇವತ್ತು ಮುಂಜಾನೆ ಧೊಂಡಿಬಾ ಸಾಲಿನತ್ತ ನಡೆದ. ಆ ಹುಡುಗಿ ಹಿರಿಯರು ಬಂದರೆಂದು ಎರಡೂ ಕೈಯಿಂದ ಸೆರಗು ಎಳೆದುಕೊಂಡಳು. ಏನೂ ಆಗಲಿಲ್ಲ. ನನಗೆ ಮಾತ್ರ ಕೂತಲ್ಲಿ ಕೂಡಲಾಗಲಿಲ್ಲ. ಮಗುವನ್ನು ಎತ್ತಿಕೊಂಡು ಟಪ್ಪಾಲ ಕಚೇರಿಗೆ ಹೋದೆ. ಬೀದರಕ್ಕೆ ಟ್ರಂಕ್ ಕಾಲ್ ಸಿಗುವಷ್ಟರಲ್ಲಿ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದೆ.

"ಭಾಲ್ಕಿ ಮಿಲ್ಲಿನಾಗ ಪಟ್ಟಾಕ್ಕ ಹಲಗಿ ಇಲ್ರಿ ಸಾಹೇಬರೇ. ನಾಳೆನೇ ಬರ್ರಿ. ಯಾರಿಗೂ ತಿಳಿಸಬ್ಯಾಡ್ರಿ."

"ಮಾತಾಡೋರು ಯಾರು?"

ಪೋಸ್ಟ್ ಮಾಸ್ತರರು ಬರೆಯುವುದನ್ನು ನಿಲ್ಲಿಸಿ ನನ್ನತ್ತ ನೋಡಿದರು. ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡೆ.

"ಶಾಂತಾಬಾಯಿ ಅಂತ್ರಿ. ಮಿಲ್ಲಿನ ಗುಮಾಸ್ತರ ಮನಿಯಿಂದ. ನಮ್ಮ ಕಿಟಕಿಯಿಂದ ಎಲ್ಲಾ ಕಾಣಸ್ತದರಿ."