ನಾಲ್ಕು ಗಂಟೆಯ ಹಿತ್ತಿಲ ಬಾಗಿಲು

ಲಾರಿಗೆ ಹೊದಿಸುವ ಟಾರ್ಪಾಲು ಹೊಲಿಯುವುದೆಂದರೆ ಹುಡುಗಾಟವಲ್ಲ. ಗೇಣುದ್ದದ ದಬ್ಬಣ, ಮೇಣ ಹಚ್ಚಿದ ದಾರ, ಅಂಗೈಗೊಂದು ಚರ್ಮದ ಪಟ್ಟಿ. ಮೂವತ್ತು ವರ್ಷ ಅದನ್ನೇ ಮಾಡಿ ಅವಳ ಬೆರಳುಗಳು ಬೇರಿನಂತೆ ಗಂಟುಗಟ್ಟಿದ್ದವು. ಶೆಡ್ಡಿನವರೆಲ್ಲ ಅವಳನ್ನು ದಬ್ಬಣದಕ್ಕ ಎಂದೇ ಕರೆಯುತ್ತಿದ್ದರು. ಅವಳು ಹಾಕಿದ ಹೊಲಿಗೆ ಬಿಚ್ಚಿಕೊಂಡದ್ದನ್ನು ಕಂಡವರಿಲ್ಲ.

ಅಂಥವಳು ಜೀವಮಾನದಲ್ಲಿ ಒಂದೇ ಒಂದು ಸಂದು ಬಿಟ್ಟಿದ್ದಳು. ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ, ಎರಡೂ ಕೈಯಲ್ಲಿ ಚೀಲ ಹಿಡಿದು, ಅಕ್ಕನ ಮನೆಯ ಹಿತ್ತಿಲ ಬಾಗಿಲನ್ನು ಕಾಲಿನಿಂದ ನೂಕಿ ಒಳಗೆ ನುಗ್ಗಿದಳು. ಚಿಲಕ ಹಾಕಲಿಲ್ಲ. ಮನೆಯೊಳಗೇ ಬೆಳೆದ ಮೂರು ಬೆಕ್ಕುಗಳಲ್ಲಿ ಬಿಳಿಯದು, ಮುದ್ದಿ, ಅಲ್ಲಿಂದಲೇ ಮಾಯವಾಯಿತು. ಅಕ್ಕ ಮೂರು ವಾರ ಗಲ್ಲಿ ಗಲ್ಲಿ ಅಲೆದಳು. ಒಂದು ದಿನ ಥಟ್ಟನೆ ನಿಲ್ಲಿಸಿಬಿಟ್ಟಳು.

"ಹೋಗ್ಲಿ ಬಿಡೇ. ಯಾರೋ ಪುಣ್ಯಾತ್ಮರು ಸಾಕ್ಕೊಂಡಿರ್ತಾರೆ. ಹೊಟ್ಟೆ ತುಂಬಾ ಹಾಲು ಕುಡ್ಕೊಂಡು ಹಾಯಾಗಿರುತ್ತೆ."

ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಆಮೇಲೆ ಆ ಬಾಗಿಲು ತೆರೆಯುತ್ತಿದ್ದುದು ದಿನಕ್ಕೊಂದೇ ಸಲ. ಸಂಜೆ ನಾಲ್ಕು ಗಂಟೆಗೆ ಅಕ್ಕ ಉಳಿದೆರಡು ಬೆಕ್ಕುಗಳನ್ನು ಕೋಣೆಯಲ್ಲಿ ಕೂಡಿಹಾಕಿ, ಹೊಸ್ತಿಲಲ್ಲಿ ನಿಂತು "ಬಾ... ಬಾ... ಬಾ..." ಎಂದು ಕರೆಯುತ್ತಿದ್ದಳಂತೆ. ಇದನ್ನು ಹೇಳಿದ್ದು ಪಕ್ಕದ ಮನೆಯ ಗಾರೆ ಮೇಸ್ತ್ರಿ. ಅದೂ ಕಳೆದ ವರ್ಷ, ಅಕ್ಕ ಎದೆನೋವಿನಿಂದ ತೀರಿಕೊಂಡ ಮೇಲೆ.

ಬೆಕ್ಕುಗಳಿಗಾಗಿ ದಬ್ಬಣದಕ್ಕ ಆ ಮನೆಗೇ ಬಂದು ನಿಂತಳು. ಮೊದಲ ವಾರವೇ ಗಮನಕ್ಕೆ ಬಂತು. ಗಂಟೆ ನಾಲ್ಕಾಯಿತೆಂದರೆ ಆ ಎರಡು ಬೆಕ್ಕುಗಳು, ಕರಿಯನೂ ಬೂದಿಯೂ, ಎಲ್ಲಿದ್ದರೂ ಎದ್ದುಬಂದು, ಮುಚ್ಚಿದ ಬಾಗಿಲ ಮುಂದೆ ಕಿವಿ ನಿಮಿರಿಸಿ ಕೂರುತ್ತಿದ್ದವು. ಒಂದು ದಿನ ಅವಳೂ ಬಾಗಿಲಿಗೆ ಕಿವಿಯಿಟ್ಟಳು. ಹೊರಗೆ ಯಾರೋ ಮೆಲ್ಲಗೆ ಕರೆದಂತಾಯಿತು. ತೆರೆದು ನೋಡಿದರೆ ನಿಂಬೆಗಿಡ, ಒಣಗಿದ ಕುಂಡಗಳು. ಭ್ರಮೆ ಎಂದುಕೊಂಡಳು. ಮರುದಿನವೂ ಭ್ರಮೆಯಾಯಿತು. ಅದರ ಮರುದಿನವೂ.

ಕೊನೆಗೆ ಮೇಸ್ತ್ರಿಯನ್ನು ಕರೆದಳು. "ಈ ಹಿತ್ತಿಲನ್ನ ಬೆಕ್ಕು ದಾಟದ ಹಾಗೆ ಮಾಡ್ಬೇಕು. ಹೊರಗೆ ಏನಿದೆ ಅಂತ ಅವೇ ಹೋಗಿ ನೋಡ್ಲಿ."

"ಬೆಕ್ಕಿಗೆ ಬೇಲಿನಾ? ಗಾಳಿಗೆ ಗಂಟು ಹಾಕಿದ ಹಾಗಾಯ್ತು ಬಿಡಿ!"

"ಗಂಟು ಹಾಕೋದು ನನ್ನ ಕೆಲ್ಸ. ನೀವು ಗುಂಡಿ ತೋಡಿ."

ಇಬ್ಬರೂ ಮೊಣಕಾಲೂರಿ, ಬೆಕ್ಕಿನ ಎತ್ತರಕ್ಕೆ ಬಗ್ಗಿ ಹಿತ್ತಿಲು ಸುತ್ತಿದರು. ತಲೆ ತೂರಿದಲ್ಲಿ ಬೆಕ್ಕಿನ ಮೈಯೂ ತೂರುತ್ತದೆ. ಮುಷ್ಟಿ ಹಿಡಿಸುವ ಸಂದಿಗೆಲ್ಲ ಸೀಮೆಸುಣ್ಣದ ಗುರುತು ಬಿತ್ತು. ಮೋರಿಯ ಬಾಯಿಗೆ ಸರಳು ಕೂತಿತು. ಗೋಡೆಗೆ ತಾಗುತ್ತಿದ್ದ ನಿಂಬೆಯ ಕೊಂಬೆ ಹೋಯಿತು. ಲಿಲ್ಲಿ ಗಿಡಗಳನ್ನು ಗೆಡ್ಡೆಸಮೇತ ಕಿತ್ತರು, ಅವುಗಳ ಹೂವಿನ ಪುಡಿ ನೆಕ್ಕಿದರೂ ಬೆಕ್ಕಿನ ಪ್ರಾಣಕ್ಕೆ ಸಂಚಕಾರವೆಂದು ಪಶುವೈದ್ಯರು ಹೇಳಿದ್ದರು. ಗೋಡೆಯ ಮೇಲೆ ಒಳಕ್ಕೆ ಬಾಗಿದ ಕಂಬಿ ನೆಟ್ಟು, ದಬ್ಬಣದಕ್ಕ ಬಲೆಯನ್ನು ಬೇಕೆಂದೇ ಸಡಿಲವಾಗಿ ಹೊಲಿದಳು. ಬಿಗಿ ಬಲೆಯನ್ನು ಬೆಕ್ಕು ಹತ್ತುತ್ತದೆ, ಜೋಲಾಡುವುದನ್ನು ನಂಬುವುದಿಲ್ಲ. ಗೇಟಿನ ಒಳಗೆ ಜಾಲರಿಯ ಇನ್ನೊಂದು ಬಾಗಿಲು. ಒಂದನ್ನು ಮುಚ್ಚದೆ ಇನ್ನೊಂದನ್ನು ತೆರೆಯುವಂತಿಲ್ಲ.

ಹಿಂಬದಿಗೆ ಮಾತ್ರ ಹಲಗೆಯ ಬೇಲಿ. ಅದರ ಬುಡದಲ್ಲಿ ತಂತಿಜಾಲರಿಯನ್ನು ಮೊಳದಷ್ಟು ಹೂಳಬೇಕಿತ್ತು. ಮೇಸ್ತ್ರಿಯ ಗುದ್ದಲಿ ಮೂಲೆಯಲ್ಲಿ ಏನನ್ನೋ ತಾಗಿ ನಿಂತಿತು. ಟಾರ್ಪಾಲಿನ ಚೀಲ! ಸಂತೆಗೆ ಆಗಲೆಂದು ಅಕ್ಕನಿಗೆ ಅವಳೇ ಹೊಲಿದುಕೊಟ್ಟದ್ದು. ಬಾಯನ್ನು ಯಾರೋ ಸೊಟ್ಟ ಸೊಟ್ಟ ಹೊಲಿಗೆ ಹಾಕಿ ಮುಚ್ಚಿದ್ದರು. ಅಕ್ಕನಿಗೆ ಯಾವತ್ತೂ ಹೊಲಿಗೆ ನೆಟ್ಟಗೆ ಬಂದದ್ದಿಲ್ಲ.

ಒಳಗೆ ಹಿಡಿಯಷ್ಟು ಮೂಳೆ, ಒಂದು ಕೆಂಪು ಕತ್ತುಪಟ್ಟಿ.

ಮೇಸ್ತ್ರಿ ಗುದ್ದಲಿ ಊರಿ ನಿಂತ. "ಮುದ್ದಿ ಕಳೆದುಹೋದ ಮೂರನೇ ವಾರ ನಿಮ್ಮಕ್ಕ ನನ್ ಹತ್ರ ಗುದ್ದಲಿ ಇಸ್ಕೊಂಡು ಹೋಗಿದ್ರು. ಗಿಡ ನೆಡೋಕೆ ಅಂದ್ರು."

"ಹಾಗಾದ್ರೆ ಅವತ್ತೇ ಗೊತ್ತಿತ್ತು ಅವಳಿಗೆ."

"ನಿಮಗೆ ನೋವಾಗ್ಬಾರ್ದು ಅಂತ ಮುಚ್ಚಿಟ್ರೇನೋ."

"ಅದು ಅರ್ಥ ಆಯ್ತು ಮೇಸ್ತ್ರಿ. ಆದ್ರೆ ನಾನು ಬರ್ತಿದ್ದದ್ದು ಭಾನುವಾರ ಮಾತ್ರ, ನಾಲ್ಕರೊಳಗೆ ಹೊರಟುಬಿಡ್ತಿದ್ದೆ. ನನಗೆ ಕೇಳ್ಲಿ ಅಂತ ಕರೆದದ್ದಲ್ಲ. ಸತ್ತದ್ದನ್ನ ಕೈಯಾರೆ ಹೂತವಳು ಮೂರು ವರ್ಷ ದಿನಾ ಬಾಗಿಲಲ್ಲಿ ನಿಂತು ಕರೀತಿದ್ದದ್ದು ಯಾರನ್ನ?"

ಮೇಸ್ತ್ರಿ ಗುದ್ದಲಿಗೆ ಅಂಟಿದ ಮಣ್ಣು ಕೆರೆಯುತ್ತ ಕೂತ.

ಅವಳು ದಬ್ಬಣ ತಂದು ಚೀಲದ ಬಾಯನ್ನು ಮತ್ತೆ ಹೊಲಿದಳು, ಅಕ್ಕ ಚುಚ್ಚಿದ ತೂತುಗಳಲ್ಲೇ. ಅಲ್ಲೇ ಇಟ್ಟು ಮಣ್ಣೆಳೆದಳು. ಜಾಲರಿಯನ್ನು ಒಂದು ಗೇಣು ಆಚೆಗೆ ಹಾಕಿಸಿದಳು. ಆ ಮೂಲೆ ಬೇಲಿಯೊಳಗೇ ಉಳಿಯಿತು.

ಗಾರೆ ಒಣಗಿದ ಮೇಲೆ, ಒಂದು ದಿನ ನಾಲ್ಕು ಗಂಟೆಗೆ, ಬಾಗಿಲು ತೆರೆದಳು. ಬೂದಿ ಹೊಟ್ಟೆ ನೆಲಕ್ಕೆ ತಾಗಿಸಿ ಹೊರಬಂದಿತು, ಹಿಂದೆಯೇ ಕರಿಯ. ಎರಡೂ ನೆಟ್ಟಗೆ ಆ ಮೂಲೆಗೆ ಹೋಗಿ, ಮಾರು ದೂರದಲ್ಲಿ ನಿಂತು ಮೂಸಿದವು.

ಈಗ ಅವು ಹಿತ್ತಿಲ ತುಂಬ ಓಡಾಡುತ್ತವೆ, ಬಿಸಿಲಿಗೆ ಹೊರಳುತ್ತವೆ, ಬಲೆಯ ಕೆಳಗೆ ಕೂತು ಗುಬ್ಬಿಗಳಿಗೆ ಹಲ್ಲು ಕಟಕಟಿಸುತ್ತವೆ. ಆ ಒಂದು ಮೊಳ ಜಾಗದ ಮೇಲೆ ಮಾತ್ರ ಕಾಲಿಟ್ಟಿಲ್ಲ. ಮಲಗಿದವರನ್ನು ಬಳಸಿ ನಡೆದ ಹಾಗೆ ಸುತ್ತಿಕೊಂಡು ಹೋಗುತ್ತವೆ. ಗಾರೆಯ ವಾಸನೆಗೆ ಇರಬೇಕು ಎಂದ ಮೇಸ್ತ್ರಿ. ದಬ್ಬಣದಕ್ಕ ವಾದಿಸಲಿಲ್ಲ. ಗಿಡಕ್ಕೆ ನೀರು ಹಾಕಲು ಹೋದಾಗ ಅವಳೂ ಸುತ್ತಿಯೇ ಹೋಗುತ್ತಾಳೆ.