ಅರವತ್ತೈದು ತುಂಬುವ ತನಕ

ವರ್ನಾ ಅವತ್ತು ನನ್ನ ತಲೆಯನ್ನು ಎಡಗೈಯಲ್ಲಿ ತೊಳೆಯುತ್ತಿದ್ದಳು. ಅವಳು ಎಡಚಿಯಲ್ಲ. ನಮ್ಮೂರು ಆಲ್ಡರ್ ಕ್ರೀಕಿನ ಅರ್ಧ ಹೆಂಗಸರ ಕೂದಲು ಕತ್ತರಿಸಿ, ಸುರುಳಿ ಸುತ್ತಿ, ಬಣ್ಣ ಹಚ್ಚಿದ್ದೆಲ್ಲ ಅವಳ ಬಲಗೈ.

"ಬಲಗೈಗೆ ಏನಾಯ್ತೇ?" ಅಂದೆ.

"ಸುಮ್ನೆ ಕಣ್ಮುಚ್ಕೊಂಡು ಕೂತ್ಕೊ ಡೊರೀನ್, ನೊರೆ ಹೋಗುತ್ತೆ."

ಸುಮ್ಮನಿರುವ ಜಾಯಮಾನ ನನ್ನದಲ್ಲ. ಒದ್ದೆ ತಲೆಯಲ್ಲೇ ಎದ್ದು ಅವಳನ್ನು ಹಿಂದಿನ ಕೋಣೆಗೆ ಎಳೆದುಕೊಂಡು ಹೋದೆ. ಬೈದುಕೊಂಡೇ ಅಂಗಿಯ ಗುಂಡಿ ಬಿಚ್ಚಿದಳು. ಬಲಗಡೆ ಎದೆಯಲ್ಲಿ, ಕಂಕುಳಿನ ಹತ್ತಿರ, ಗೋಲಿಯಂಥ ಗಂಟು ಕೈಗೆ ಸಿಕ್ಕಿತು.

"ಮಾರ್ಚ್‌ಗೆ ನಂಗೆ ಅರವತ್ತೈದು ತುಂಬುತ್ತೆ. ಆ ವಯಸ್ಸಿನವರಿಗೆಲ್ಲ ಸಿಗೋ ಸರ್ಕಾರದ ಆರೋಗ್ಯ ವಿಮೆ ಬರುತ್ತೆ. ಅಲ್ಲೀತನಕ ಆಸ್ಪತ್ರೆಗೆ ಕಟ್ಟೋಕೆ ದುಡ್ಡೆಲ್ಲಿದೆ? ಆಗ ತೋರಿಸ್ತೀನಿ," ಅಂದಳು.

"ಇನ್ನೂ ಅಕ್ಟೋಬರ್ ಕಣೇ!"

"ಗೊತ್ತು. ಕ್ಯಾಲೆಂಡರ್ ನಮ್ಮನೇಲೂ ಇದೆ."

ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು. ಯಾಕೆಂದರೆ ಇದೇ ವರ್ನಾ ತನ್ನ ಅಂಗಡಿಯ ಮುಂದೆ 'ಸರ್ಕಾರದ ವಿಮೆ ಬೇಡ' ಅನ್ನುವ ಬೋರ್ಡು ನೆಟ್ಟಿದ್ದಳು. ಕಡಿಮೆ ದುಡಿಮೆಯವರಿಗೆಲ್ಲ, ವಯಸ್ಸು ಎಷ್ಟೇ ಇರಲಿ, ಸರ್ಕಾರವೇ ವಿಮೆ ಕೊಡಬೇಕೋ ಬೇಡವೋ ಅಂತ ಅಮೆರಿಕದ ನಮ್ಮ ದಕ್ಷಿಣ ಡಕೋಟಾ ರಾಜ್ಯದಲ್ಲಿ ನವೆಂಬರಿಗೆ ಮತದಾನ. ನನ್ನ ಅಂಗಳದಲ್ಲಿ 'ಬೇಕು' ಬೋರ್ಡಿತ್ತು. ಬೆಳಗಾದರೆ ನಮ್ಮಿಬ್ಬರದೂ ಅದೇ ಜಗಳ.

"ಮಾರ್ಚ್‌ಗೆ ನಿಂಗೆ ಬರೋದೂ ಸರ್ಕಾರದ್ದೇ ಅಲ್ವೇನೇ?" ಅಂದೆ.

"ಅದು ಬೇರೆ! ಅದಕ್ಕೆ ದುಡಿಯೋಕೆ ಶುರು ಮಾಡಿದಾಗಿಂದ ಕಟ್ಕೊಂಡು ಬಂದಿದೀನಿ. ನಿನ್ನದು ಬಿಟ್ಟಿ." ಗುಂಡಿ ಹಾಕಿಕೊಂಡಳು. "ಯಾರಿಗಾದ್ರೂ ಬಾಯಿ ಬಿಟ್ಟೆಯೋ, ನಿನ್ನ ಮುಖ ನೋಡಲ್ಲ."

ಅವಳ ಭಯ ನನಗೆ ಗೊತ್ತಿತ್ತು. ನಮ್ಮೂರಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಪೆಟ್ರೋಲ್ ಬಂಕಿನ ಬಾಗಿಲಿಗೆ ಅವರ ಫೋಟೋ ಅಂಟಿಸುತ್ತೇವೆ, ಅಗ್ನಿಶಾಮಕ ಠಾಣೆಯಲ್ಲಿ ಊಟ ಹಾಕುತ್ತೇವೆ, ಮನೆಮನೆಯಿಂದ ಬಂದ ಕೇಕುಗಳನ್ನು ಹರಾಜು ಕೂಗಿ, ಬಂದ ದುಡ್ಡನ್ನು ಅವರ ಆಸ್ಪತ್ರೆ ಖರ್ಚಿಗೆ ಕೊಡುತ್ತೇವೆ. ಹರಾಜು ಕೂಗುವವಳು ವರ್ನಾ. ಊರಿಗೆಲ್ಲ ಕೊಟ್ಟು ಅಭ್ಯಾಸವಾದವಳಿಗೆ ತನ್ನ ಫೋಟೋ ಆ ಬಾಗಿಲಲ್ಲಿ ನೋಡುವುದು ಸಾಧ್ಯವೇ ಇರಲಿಲ್ಲ.

ಆ ಶನಿವಾರ ಅಂಚೆಯವನ ಮೂತ್ರಪಿಂಡದ ಚಿಕಿತ್ಸೆಗಾಗಿ ಠಾಣೆಯ ಹಾಲಿನಲ್ಲಿ ಊಟವಿತ್ತು. ಮಾತು ಮತದಾನಕ್ಕೆ ತಿರುಗಿತು. ದನ ಸಾಕುವ ಓರ್ವಿಲ್ ಎದ್ದು ನಿಂತ. ಗಂಟಲು ದೊಡ್ಡದು.

"ಈ ಹಾಲ್ ನೋಡ್ರಪ್ಪ! ನಮ್ಮವರನ್ನ ನಾವೇ ನೋಡ್ಕೋತೀವಿ. ಸರ್ಕಾರ ಯಾಕೆ ಬೇಕು?"

"ಸರಿಯಾಗಿ ಹೇಳ್ದೆ!" ಅಂತ ವರ್ನಾ ಹರಾಜಿಗಿಟ್ಟಿದ್ದ ಸೇಬಿನ ಪೈ ತಟ್ಟೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದಳು. ಜನ ಚಪ್ಪಾಳೆ ತಟ್ಟಿದರು.

ಆ ಎಡಗೈ ನೋಡಿ ನನಗೆ ತಡೆಯಲಾಗಲಿಲ್ಲ. ಎದ್ದುಬಿಟ್ಟೆ. ವರ್ನಾ ನನ್ನನ್ನೇ ದುರುಗುಟ್ಟಿ ನೋಡಿದಳು. ಕೂತ್ಕೊ ಅಂತ ಕಣ್ಣಲ್ಲೇ ಗದರಿದಳು, ಆಮೇಲೆ ಬೇಡಿಕೊಂಡಳು.

"ನಮ್ಮವರನ್ನ ನಾವೇ ನೋಡ್ಕೊಳ್ಳೋದಾದ್ರೆ ವರ್ನಾನ ಯಾರು ನೋಡ್ಕೋತೀರಿ?" ಅಂದೆ. "ಅವಳ ಎದೇಲಿ ಗಂಟಿದೆ."

"ಸುಳ್ಳು!" ವರ್ನಾ ಕಿರುಚಿದಳು. "ನಂಗೇನೂ ಆಗಿಲ್ಲ. ನೋಡಿ!" ತಟ್ಟೆಯನ್ನು ಬಲಗೈಗೆ ಬದಲಾಯಿಸಿ ಮೇಲೆತ್ತಿದಳು. ಕೈ ಭುಜದವರೆಗೂ ಹೋಗಲಿಲ್ಲ. ತಟ್ಟೆ ಜಾರಿ ಸಿಮೆಂಟಿನ ನೆಲಕ್ಕೆ ಬಿತ್ತು.

ಓರ್ವಿಲ್ ಮೆಲ್ಲಗೆ ಕೇಳಿದ, "ನಿಂಗೆ ಯಾವಾಗ ಅರವತ್ತೈದು, ವರ್ನಾ?"

"ಮಾರ್ಚ್‌ಗೆ."

ಅವನು ಟೋಪಿ ತೆಗೆದು ಕುರ್ಚಿಯಲ್ಲಿ ಕುಸಿದ. "ನಂದು ಜೂನ್‌ಗೆ," ಅಂದ. "ಹರ್ನಿಯಾ." ಅವನ ಹೆಂಡತಿ ಬೆಚ್ಚಿ ಅವನ ಮುಖ ನೋಡಿದಳು. ಅವಳಿಗೂ ಗೊತ್ತಿರಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ ತನ್ನ ಮೊಣಕಾಲು ಕಾಯುತ್ತಿದೆ ಅಂದರು, ಇನ್ಯಾರೋ ಕಣ್ಣಿನ ಪೊರೆ ಅಂದರು. 'ಬೇಡ' ಅನ್ನುವವರೂ 'ಬೇಕು' ಅನ್ನುವವರೂ ಸೇರಿ ಅರ್ಧ ಹಾಲ್ ಗುಟ್ಟಾಗಿ ತನ್ನ ಅರವತ್ತೈದನೇ ಹುಟ್ಟುಹಬ್ಬಕ್ಕೆ ಕಾಯುತ್ತಾ ಕೂತಿತ್ತು.

ವರ್ನಾ ನನ್ನೊಡನೆ ಮಾತು ಬಿಟ್ಟಳು. ಆದರೂ ಸೋಮವಾರ ನನ್ನ ಕಾರು ಹತ್ತಿದಳು. ದೊಡ್ಡಾಸ್ಪತ್ರೆ ಬರುವ ತನಕ ಕಿಟಕಿಯ ಕಡೆಗೇ ಮುಖ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಎದುರಿಗೆ ಕೂತು ಕೇಳಿದರು, "ಇದನ್ನ ಮೊದಲು ಯಾವಾಗ ನೋಡಿದ್ರಿ?"

"ಈಸ್ಟರ್ ಹೊತ್ತಿಗೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಈಸ್ಟರ್ ಅಂದರೆ ವಸಂತ, ಆರು ತಿಂಗಳ ಹಿಂದೆ. ಈಗ ಹೊರಗೆ ಮೊದಲ ಹಿಮ ಬೀಳುತ್ತಿತ್ತು. ನನಗಂತೂ ಅವಳು ಅಷ್ಟು ದಿನ ಮುಚ್ಚಿಟ್ಟಿದ್ದು ಅಲ್ಲೇ ತಿಳಿದದ್ದು.

"ಮಾರ್ಚ್‌ಗೆ ನಂಗೆ ಅರವತ್ತೈದು ತುಂಬುತ್ತೆ, ಡಾಕ್ಟ್ರೇ," ವರ್ನಾ ಸ್ಕೂಲಿಗೆ ತಡವಾಗಿ ಬಂದ ಹುಡುಗಿಯ ಹಾಗೆ ಹೇಳಿದಳು. "ಅದಕ್ಕೇ."

ಡಾಕ್ಟರಮ್ಮ ಅವಳ ಮುಖ ನೋಡಲಿಲ್ಲ.

"ತುಂಬಲಿ," ಅಂದರು. "ತುಂಬೋ ಹಾಗೆ ನೋಡೋಣ."

ವರ್ನಾ ಮೇಜಿನ ಕೆಳಗೆ ನನ್ನ ಕೈ ಹುಡುಕಿ ಹಿಡಿದಳು, ಎಡಗೈಯಲ್ಲಿ.